‘ಮದುವೆ ಊಟ’ ಎಂದು ಬರೆದ ಆ ಒಂದು ಕಾಲಂ: ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಕುಡಿಯುವ ನೀರು ಮತ್ತು ಜನಾರೋಗ್ಯದ ಹೊಣೆ ಹೊತ್ತ ಅಧಿಕಾರಿಗಳು,
ಕಲಬುರಗಿ, ಬೀದರ್, ಯಾದಗಿರಿ ಸೀಮೆ

ವಿಷಯ: ವಾಂತಿಭೇದಿ ವರದಿಯಲ್ಲಿ ರೋಗದ ಕಾರಣವನ್ನು ತಿದ್ದಿ ಬರೆಯುವ ಬಗ್ಗೆ

ಮಾನ್ಯರೇ,

ನಾನು ಆರೋಗ್ಯ ಇಲಾಖೆಯಲ್ಲಿ 31 ವರ್ಷ ದುಡಿದು, ಹಿರಿಯ ಆರೋಗ್ಯ ಸಹಾಯಕನಾಗಿ ನಿವೃತ್ತನಾದವನು. ಈಗ ಕಲಬುರಗಿಯಲ್ಲಿ ಇದ್ದೇನೆ. ಈ ಪತ್ರದಲ್ಲಿ ಊರಿನ ಹೆಸರನ್ನಾಗಲಿ ತಾಲೂಕಿನ ಹೆಸರನ್ನಾಗಲಿ ಬೇಕೆಂದೇ ಬರೆದಿಲ್ಲ. ಬರೆದರೆ ಏನಾಗುತ್ತದೆಂದು ನನಗೆ ಗೊತ್ತು. ಆ ಊರಿನ ನೀರುಗಂಟಿಗೆ ನೋಟಿಸು ಹೋಗುತ್ತದೆ, ಕಡತ ಮುಚ್ಚುತ್ತದೆ. ನಮ್ಮ ಸೀಮೆಯ ಒಂದು ಊರು ಎಂದರೆ ಸಾಕು. ಮೂರೂ ಜಿಲ್ಲೆಯವರು ‘ಇದು ನಮ್ಮಲ್ಲಿಯದೇ ಇರಬಹುದು’ ಎಂದುಕೊಂಡು ಓದಿದರೆ ನನ್ನ ಕೆಲಸ ಅರ್ಧ ಆದಂತೆ.

ಆ ಊರಿನ ಕೆಳಗಿನ ಓಣಿಯಲ್ಲಿ ನನ್ನ ತಂಗಿಯ ಮನೆ ಇದೆ. ಜೂನ್ ಮೊದಲ ವಾರ, ರೋಹಿಣಿ ಮಳೆ ಒಂದು ರಾತ್ರಿ ಜೋರಾಗಿ ಹೊಡೆದು ಎರಡು ದಿನವಾಗಿತ್ತು. ಬೆಳಗಿನ ಐದೂವರೆಗೆ ತಂಗಿ ಫೋನ್ ಮಾಡಿದಳು. “ಅಣ್ಣಾ, ಆಯಿಗಿ ರಾತ್ರಿಯಿಂದ ವಾಂತಿ, ಸಂಡಾಸ ಹತ್ತ್ಯಾವ. ಓಣ್ಯಾಗ ಮನಿಗೊಬ್ಬರು ಮಲಗ್ಯಾರ.” ಆಯಿ ಎಂದರೆ ಅವಳ ಅತ್ತೆ, ಎಪ್ಪತ್ತು ದಾಟಿದವರು. ನಾನು ಮೊದಲ ಬಸ್ಸಿಗೇ ಹೊರಟೆ. ಊರು ಮುಟ್ಟುವಷ್ಟರಲ್ಲಿ ಶಾಲೆಯಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆದಿದ್ದರು. ಬೆಂಚು ಜೋಡಿಸಿ ಮಲಗಿಸಿದ್ದರು, ಕಿಟಕಿಯ ಸರಳುಗಳಿಗೆ ಸಲೈನ್ ಬಾಟಲಿ ನೇತುಹಾಕಿದ್ದರು. ಆ ಕೇಂದ್ರದಲ್ಲಿ ದುಡಿದ ನರ್ಸ್‌ಗಳ ಬಗ್ಗೆ, ಆಶಾ ಕಾರ್ಯಕರ್ತೆಯರ ಬಗ್ಗೆ ನನ್ನ ದೂರಿಲ್ಲ. ಎರಡು ರಾತ್ರಿ ಅವರು ಕಣ್ಣು ಮುಚ್ಚಲಿಲ್ಲ, ನಾನೇ ನೋಡಿದ್ದೇನೆ.

ನನ್ನ ದೂರು ಇರುವುದು ನಾಲ್ಕನೇ ದಿನ ಹೋದ ವರದಿಯ ಒಂದು ಕಾಲಂ ಬಗ್ಗೆ. ‘ಸಂಭವನೀಯ ಕಾರಣ’ ಎಂಬ ಆ ಕಾಲಂನಲ್ಲಿ ‘ಮದುವೆ ಊಟ’ ಎಂದು ಬರೆದಿದ್ದರು.

ಮಳೆ ಬಂದ ಮರುದಿನ ಊರಲ್ಲಿ ಒಂದು ಮದುವೆ ನಡೆದದ್ದು ನಿಜ. ಹುಗ್ಗಿ, ಅನ್ನ ಸಾರು, ಬದನೆಕಾಯಿ ಪಲ್ಯ. ಉಂಡವರಲ್ಲಿ ಕೆಲವರು ಮಲಗಿದ್ದೂ ನಿಜ. ಆದರೆ ಆಯಿ ಮದುವೆಗೆ ಹೋಗಿರಲೇ ಇಲ್ಲ. ಮೊಣಕಾಲು ನೋವಿಂದ ಅವರು ಹೊಸ್ತಿಲು ದಾಟಿ ವರ್ಷವಾಗಿತ್ತು. ಮದುವೆಯ ಊಟವನ್ನು ಯಾರೂ ಮನೆಗೆ ತಂದೂ ಕೊಟ್ಟಿರಲಿಲ್ಲ. ಇನ್ನೊಂದು ಕಡೆ, ಸೇಡಂ ಕಡೆಯಿಂದ ಎರಡು ಕ್ರೂಸರ್ ತುಂಬ ಬಂದ ಬೀಗರು ಅದೇ ಪಂಕ್ತಿಯಲ್ಲಿ ಕೂತು ಅದೇ ಹುಗ್ಗಿ ಉಂಡು ಹೋಗಿದ್ದರು. ನಾನು ಫೋನ್ ಮಾಡಿ ಕೇಳಿದೆ. ಒಬ್ಬರಿಗೂ ಏನೂ ಆಗಿರಲಿಲ್ಲ. ಅವರಿಗೆ ಕುಡಿಯಲು ನೀರಿನ ಪೌಚು ಕೊಟ್ಟಿದ್ದರಂತೆ.

ಹಳೆಯ ಅಭ್ಯಾಸ ಬಿಡುವುದಿಲ್ಲ. ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋದೆ. ಉಂಡವರು ಯಾರು ಎಂದು ಕೇಳಲಿಲ್ಲ, ಎಲ್ಲಿಯ ನೀರು ಕುಡಿದಿರಿ ಎಂದು ಕೇಳಿದೆ. ಕೆಳಗಿನ ಓಣಿಗೆ ನೀರು ಬರುವುದು ಟ್ಯಾಂಕಿನ ಕೊನೆಯ ವಾಲ್ವ್‌ನಿಂದ. ಅಲ್ಲಿ ಮೂರು ಮನೆಗೆ ಎರಡರಂತೆ ಜನ ಮಲಗಿದ್ದರು. ಅದೇ ಓಣಿಯ ತುದಿಯಲ್ಲಿ ಹೊಲದ ಬೋರಿನ ನೀರು ತರುವ ಐದು ಮನೆಗಳಿದ್ದವು. ಅವರೆಲ್ಲ ಮದುವೆಗೆ ಹೋಗಿ ಹೊಟ್ಟೆ ತುಂಬ ಉಂಡವರು. ಐದೂ ಮನೆಯಲ್ಲಿ ಒಬ್ಬರೂ ಮಲಗಿರಲಿಲ್ಲ.

ಇದು ನಾನು ಕಂಡುಹಿಡಿದ ವಿದ್ಯೆಯಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಮಾಡಿದ್ದೂ ಇಷ್ಟೇ. ಆಗ ದೊಡ್ಡವರೆಲ್ಲ ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎನ್ನುತ್ತಿದ್ದರು. ಸ್ನೋ ಮನೆ ಮನೆ ತಿರುಗಿದರು. ಆ ಬೀದಿಯ ಬಿಯರ್ ಕಾರ್ಖಾನೆಯ ಆಳುಗಳಿಗೆ ಕಾಲರಾ ಬಂದಿರಲಿಲ್ಲ, ಅವರು ಅಲ್ಲಿನ ಬೀದಿ ಪಂಪಿನ ನೀರು ಮುಟ್ಟುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಕಾಲರಾದಿಂದ ಸತ್ತಿದ್ದರು, ಅವರು ರುಚಿಗೆಂದು ಆ ಪಂಪಿನ ನೀರನ್ನೇ ತರಿಸಿಕೊಂಡು ಕುಡಿಯುತ್ತಿದ್ದರು. ಸ್ನೋ ಪಂಪಿನ ಹಿಡಿ ಬಿಚ್ಚಿಸಿದರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಕಾಲರಾ ಕ್ರಿಮಿಯನ್ನು ಜಗತ್ತಿಗೆ ಖಚಿತಪಡಿಸಿದ್ದು 1884ರಲ್ಲಿ, ನಮ್ಮ ಕೋಲ್ಕತ್ತದಲ್ಲಿ ಕೂತು. ಅದಕ್ಕೆ ಮೂವತ್ತು ವರ್ಷ ಮೊದಲೇ, ಕ್ರಿಮಿಯನ್ನು ನೋಡದೆಯೇ ಮೂಲ ಸಿಕ್ಕಿತ್ತು. ಮನೆಯಿಂದಾಚೆ ಬರಲು ಆಗದ ಆಯಿ ನನ್ನ ಪಾಲಿಗೆ ಆ ಹ್ಯಾಂಪ್‌ಸ್ಟೆಡ್‌ನ ಮುದುಕಿಯೇ.

ಈಗ ನಳದ ವಿಷಯ. ನೀವು ಜೀಪಿನಿಂದ ಇಳಿದು ಆ ಓಣಿಯಲ್ಲಿ ಐವತ್ತು ಹೆಜ್ಜೆ ನಡೆದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಪ್ರತಿ ಮನೆಗೂ ಹೊಸ ನಳ ಬಂದಿದೆ, ಚಂದದ ಕಂಬವೂ ಇದೆ. ನೀರು ನಾಲ್ಕು ದಿನಕ್ಕೊಮ್ಮೆ, ಮುಕ್ಕಾಲು ಗಂಟೆ. ಕೊನೆಯ ಓಣಿಗೆ ಬರುವಷ್ಟರಲ್ಲಿ ಒತ್ತಡವೇ ಉಳಿದಿರುವುದಿಲ್ಲ, ಕಂಬದ ಎತ್ತರಕ್ಕೆ ನೀರು ಏರುವುದಿಲ್ಲ. ಹಾಗಾಗಿ ಜನ ಕಂಬ ಕಿತ್ತು, ಮನೆ ಮುಂದೆ ಮೊಣಕಾಲುದ್ದ ತಗ್ಗು ತೋಡಿ, ಪೈಪನ್ನು ಅದರ ತಳದಲ್ಲಿ ಬಿಟ್ಟಿದ್ದಾರೆ. ಕೊಡ ಇಳಿಸಿ ತುಂಬಿಕೊಳ್ಳುತ್ತಾರೆ. ತಗ್ಗಿನ ಒಂದು ಮೊಳದ ಆಚೆಗೆ ಚರಂಡಿ. ಮಳೆ ಬಂದ ರಾತ್ರಿ ಚರಂಡಿ ತುಂಬಿ ತಗ್ಗಿಗೆ ಇಳಿದಿದೆ. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತದೆ, ಖಾಲಿ ಪೈಪು ಹೊರಗಿನದನ್ನು ಹೀರುತ್ತದೆ. ಸ್ಟ್ರಾ ಹಾಕಿ ಸೋಡಾ ಕುಡಿದ ಮಗುವಿಗೂ ಇದು ಗೊತ್ತು. ಮೇಲಿನ ಓಣಿಯಲ್ಲಿ ನಾಲ್ಕೈದು ಮನೆಯವರು ನಳಕ್ಕೆ ನೇರವಾಗಿ ಮೋಟಾರು ಹಚ್ಚುತ್ತಾರೆ, ಆಗ ಈ ಹೀರುವಿಕೆ ಇನ್ನೂ ಜೋರು. ಮುಂದಿನ ಸಲ ನೀರು ಬಿಟ್ಟಾಗ ಆ ಹೊಲಸೇ ಮೊದಲ ಕೊಡದಲ್ಲಿ ಬರುತ್ತದೆ.

“ಮೊದಲಿನ ಕೊಡ ಚೆಲ್ಲಬೇಕಿಲ್ಲೇನವ್ವಾ?” ಎಂದು ಪಕ್ಕದ ಮನೆಯಾಕೆಯನ್ನು ಕೇಳಿದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. “ಆರು ಕೊಡ ಸಿಗ್ತಾವ್ರಿ ಸರ್, ನಾಲ್ಕ ದಿನಕ್ಕ. ಒಂದು ಚೆಲ್ಲಿ ಅಂತೀರಿ?”

ಇಷ್ಟೆಲ್ಲ ಇದ್ದೂ ನೀರಿನ ಪರೀಕ್ಷೆಯಲ್ಲಿ ‘ಕುಡಿಯಲು ಯೋಗ್ಯ’ ಎಂದು ಬಂತು. ಹೇಗೆ ಬಂತು ಎಂಬುದು ಒಳಗಿನವನಾದ ನನಗೆ ಗೊತ್ತು. ಮೂರನೇ ದಿನ ಟ್ಯಾಂಕ್ ಖಾಲಿ ಮಾಡಿ ತೊಳೆದರು, ಕಣ್ಣು ಉರಿಯುವಷ್ಟು ಬ್ಲೀಚಿಂಗ್ ಪುಡಿ ಸುರಿದರು. ಅದಾದ ಮೇಲೆ ಟ್ಯಾಂಕಿನ ಬುಡದ ನಳದಲ್ಲಿ ಬಾಟಲಿ ಹಿಡಿದರು. ಕಳ್ಳ ಹೋದ ಮೇಲೆ ಮನೆ ಸಾರಿಸಿ, ರಂಗೋಲಿ ಹಾಕಿ, ಹೆಜ್ಜೆಗುರುತು ಹುಡುಕಿದಂತೆ. ಮಲದ ಮಾದರಿಯೂ ಹಾಗೆಯೇ. ಆಂಟಿಬಯೋಟಿಕ್ ಕೊಡುವುದಕ್ಕೆ ಮೊದಲು ತೆಗೆದರೆ ಕ್ರಿಮಿ ಸಿಗುತ್ತದೆ. ಎರಡು ದಿನ ಔಷಧಿ ಆದ ಮೇಲೆ ತೆಗೆದರೆ ‘ಬೆಳೆಯಲಿಲ್ಲ’ ಎಂದು ಬರುತ್ತದೆ, ಅದನ್ನೇ ‘ಕಾಲರಾ ಅಲ್ಲ’ ಎಂದು ಓದಿಕೊಳ್ಳುತ್ತೇವೆ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುವುದು ಸ್ಪಷ್ಟವಾಗಿದೆ. 100 ಮಿಲಿ ನೀರಿನಲ್ಲಿ ಮಲದಿಂದ ಬರುವ ಇ. ಕೋಲಿ ಕ್ರಿಮಿ ಒಂದೂ ಕಾಣಬಾರದು, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಆ ಕ್ಲೋರಿನ್ ಕುಡಿಯುವವನ ಕೊಡದಲ್ಲಿ ಇರಬೇಕು, ಟ್ಯಾಂಕಿನಲ್ಲಿ ಇದ್ದು ಏನು ಬಂತು? ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಓಟಿ ದ್ರಾವಣವನ್ನು ಕೊನೆಯ ಮನೆಯ ನೀರಿಗೆ ನಾನೇ ಹಾಕಿ ನೋಡಿದೆ. ಹಳದಿ ಬಣ್ಣದ ಸುಳಿವೂ ಇರಲಿಲ್ಲ. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಸಾಕು, ಬೆರೆಸಿ ಅರ್ಧ ಗಂಟೆ ಬಿಡಬೇಕು. ಅಲ್ಲಿ ಚೀಲ ಬಾಯಿ ತೆರೆದು ಪಂಪ್‌ಹೌಸಿನ ನೆಲದ ಮೇಲೆ ಹಸಿಯಾಗಿ ಬಿದ್ದಿತ್ತು. ಅದರಲ್ಲಿ ಕ್ಲೋರಿನ್ ಹಾರಿಹೋಗಿ ಸುಣ್ಣವಷ್ಟೇ ಉಳಿದಿರುತ್ತದೆ. ನೀರುಗಂಟಿ ಅದನ್ನೇ ಅಂದಾಜಿನಲ್ಲಿ ಎರಡು ಬೊಗಸೆ ಎರಚುತ್ತಿದ್ದ. ಅವನಿಗೆ ತಕ್ಕಡಿ ಕೊಟ್ಟವರಿಲ್ಲ, ಹೇಳಿಕೊಟ್ಟವರಿಲ್ಲ, ನಾಲ್ಕು ತಿಂಗಳ ಪಗಾರವೂ ಬಂದಿರಲಿಲ್ಲ.

ಆಯಿ ಎರಡನೇ ರಾತ್ರಿ ತೀರಿಕೊಂಡರು. ಅವರ ಸಾವಿನ ಮುಂದೆ ಬರೆದದ್ದು ‘ವಯೋಸಹಜ, ಮಧುಮೇಹ’.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆಯಿಗೆ ಶುಗರ್ ಇತ್ತು, ಹದಿನೈದು ವರ್ಷದಿಂದ ಇತ್ತು. ತಂಬಾಕೂ ಹಾಕುತ್ತಿದ್ದರು, ಅಂಗೈಯಲ್ಲಿ ಸುಣ್ಣ ಸೇರಿಸಿ ತಿಕ್ಕಿ. ಇವೆಲ್ಲ ದೇಹವನ್ನು ಸೋಲಿಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ಅದೇ ಸೋಂಕಿಗೆ ವಯಸ್ಸಿನಲ್ಲಿ ಚಿಕ್ಕವನಾದ ಮಗ ಎದ್ದು ಕೂತ, ಎಪ್ಪತ್ತರ ತಾಯಿ ಏಳಲಿಲ್ಲ. ಆದರೆ ಶುಗರ್ ಯಾರ ಕೊಡದಲ್ಲೂ ಕಾಲರಾ ಕ್ರಿಮಿ ತಂದು ಹಾಕುವುದಿಲ್ಲ. ಗೋಡೆ ಹಳೆಯದಿತ್ತು ಎಂಬುದು ಸರಿ. ಗುದ್ದಿದ ಲಾರಿಯ ನಂಬರ್ ಬರೆಯದೆ ಗೋಡೆಯ ವಯಸ್ಸನ್ನು ಮಾತ್ರ ಪಂಚನಾಮೆಯಲ್ಲಿ ಬರೆದರೆ ಅದಕ್ಕೆ ಏನೆನ್ನಬೇಕು?

ಇನ್ನೊಂದು ಮಾತು ಹೇಳಲು ಬಾಯಿ ಬರುತ್ತಿಲ್ಲ, ಆದರೂ ಹೇಳುತ್ತೇನೆ. ನಾನು ಮುಟ್ಟುವವರೆಗೂ ಆಯಿಗೆ ಒಆರ್‌ಎಸ್ ಕುಡಿಸಿರಲಿಲ್ಲ. “ಶುಗರ್ ಅದಲ್ಲ ಮಾಮಾ, ಸಕ್ರಿ ನೀರ ಹ್ಯಾಂಗ ಕೊಡೋದು?” ಎಂದಳು ತಂಗಿಯ ಮಗಳು. ಕೇಂದ್ರದಲ್ಲಿ ಯಾರೋ ‘ಬ್ಯಾಡ ಬಿಡ್ರಿ’ ಎಂದಿದ್ದರಂತೆ. ಒಂದು ಲೀಟರ್ ಒಆರ್‌ಎಸ್‌ನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್. ಅದು ಇರುವುದು ಸಿಹಿಗಲ್ಲ. ಗ್ಲೂಕೋಸಿನ ಕೈ ಹಿಡಿದೇ ಉಪ್ಪು ಕರುಳಿನ ಗೋಡೆ ದಾಟುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ನೀರು ಆರಿಹೋಗುತ್ತಿರುವ ಶುಗರ್ ರೋಗಿಗೂ ಅದು ಬೇಕೇ ಬೇಕು. ಶುಗರ್ ನೋಡುತ್ತ ಕೊಡಬೇಕು, ಅಷ್ಟೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಈ ಉಪ್ಪು-ಸಕ್ಕರೆಯ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕೊಟ್ಟರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಐವತ್ತು ವರ್ಷದ ಮೇಲೂ ನಮ್ಮ ಓಣಿಯಲ್ಲಿ ಅದನ್ನು ಕೊಡಲು ಹೆದರುತ್ತಾರೆ. ‘ನಿಮ್ಮ ರೋಗಕ್ಕೆ ನೀವೇ ಕಾರಣ, ಸಿಹಿ ತಿನ್ನಬೇಡಿ’ ಎಂದು ಹೆದರಿಸಿ ಹೆದರಿಸಿ ನಾವು ಕಲಿಸಿದ್ದೇ ಇದು. ನಾನೂ ಕಲಿಸಿದವರಲ್ಲಿ ಒಬ್ಬ.

ಐದನೇ ದಿನ ಊರಿನ ಕಟ್ಟೆಯ ಹತ್ತಿರ ಅರಿವಿನ ಸಭೆ ಆಯಿತು. ಮೈಕಿನಲ್ಲಿ ಹೇಳಿದ್ದು: ಕೈ ತೊಳೆಯಿರಿ, ನೀರು ಕಾಯಿಸಿ ಆರಿಸಿ ಕುಡಿಯಿರಿ, ತಂಬಾಕು ಬಿಡಿ, ಬಯಲಿಗೆ ಹೋಗಬೇಡಿ, ಖಾರ ಕಡಿಮೆ ಮಾಡಿ. ಖಾರದ ಮಾತು ಬಂದಾಗ ನನಗೆ ನಗು ಬಂತು. ನನಗೂ ಹೊಟ್ಟೆಹುಣ್ಣು ಇತ್ತು. ಹತ್ತು ವರ್ಷ ಡಾಕ್ಟರು ಹೇಳಿದ್ದೇ ಹೇಳಿದ್ದು, ನೀವು ಈ ಕಡೆಯವರು ಖಾರ ಜಾಸ್ತಿ, ಚಿಂತೆ ಜಾಸ್ತಿ. ಶೇಂಗಾ ಹಿಂಡಿ ಇಲ್ಲದೆ ಹತ್ತು ವರ್ಷ ರೊಟ್ಟಿ ತಿಂದೆ. ಕೊನೆಗೆ ಎಂಡೋಸ್ಕೋಪಿ ಮಾಡಿದಾಗ ಸಿಕ್ಕಿದ್ದು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಕ್ರಿಮಿ. ಎರಡು ವಾರದ ಮಾತ್ರೆಗೆ ಹುಣ್ಣು ಮಾಯ. ಜಗತ್ತೂ ಹೀಗೆಯೇ ಖಾರಕ್ಕೂ ಚಿಂತೆಗೂ ಬೈಯುತ್ತಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಕ್ರಿಮಿಯನ್ನು ತಾವೇ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿಕೊಟ್ಟರು. 2005ರಲ್ಲಿ ರಾಬಿನ್ ವಾರನ್ ಜೊತೆ ಅವರಿಗೆ ನೊಬೆಲ್ ಬಂತು. ನನ್ನ ಹಿಂಡಿಯೂ ನನಗೆ ವಾಪಸು ಬಂತು.

ಹಾಗೆಂದು ಚಟಗಳಿಂದ ರೋಗ ಬರುವುದೇ ಇಲ್ಲ ಎಂದು ವಾದಿಸುತ್ತಿಲ್ಲ. ಬಾಯಿ ಪೂರ್ತಿ ತೆರೆಯಲಾಗದ ಇಪ್ಪತ್ತೈದರ ಹುಡುಗರನ್ನು ಎಷ್ಟು ಮಂದಿಯನ್ನು ಕಂಡಿಲ್ಲ. ಅದು ಅಡಿಕೆ ಮತ್ತು ತಂಬಾಕಿನ ಕೆಲಸವೇ, ಅಲ್ಲಿಂದ ಬಾಯಿ ಕ್ಯಾನ್ಸರಿಗೆ ದೂರವಿಲ್ಲ. ಆದರೆ ಚಟಕ್ಕೂ ಒಂದು ಪೈಪ್‌ಲೈನ್ ಇದೆ ಸ್ವಾಮಿ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ, ಒಂದೇ ದಾರಕ್ಕೆ ನೇತಾಡುತ್ತಿವೆ. ಎರಡೂ ಬೆರೆತು ಗುಟ್ಕಾ ಆಗುವ ಬಾಯಿಯೇ ಕಾರ್ಖಾನೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಸಲೈನ್ ಹಚ್ಚಿದ ಆ ಶಾಲೆಯ ಗೇಟಿನಿಂದ ಅಂಗಡಿಗೆ ನಾನು ಎಣಿಸಿದ್ದು ಇಪ್ಪತ್ತೆರಡು ಹೆಜ್ಜೆ. ತಂಬಾಕು ಬಿಡಿ ಎಂದು ಮೈಕಿನಲ್ಲಿ ಹೇಳಿದವರು ಸಭೆ ಮುಗಿಸಿ ಚಹಾ ಕುಡಿದದ್ದೂ ಅದೇ ಅಂಗಡಿಯಲ್ಲಿ.

ನೀರು ಕಾಯಿಸುವ ಮಾತೂ ಅಷ್ಟೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನಿಜ. ಕಾಯಿಸಿರಿ ಎಂದು ಹೇಳಿದಷ್ಟು ಸಲೀಸಾಗಿ ಸಿಲಿಂಡರ್ ತುಂಬಿಕೊಡುವವರು ಯಾರು? ಇನ್ನು ನಮ್ಮ ಎಷ್ಟೋ ಊರುಗಳ ಬೋರಿನಲ್ಲಿ ಫ್ಲೋರೈಡ್ ಇದೆ, ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕಡೆ ಆರ್ಸೆನಿಕ್ ಬಂದದ್ದೂ ಎಲ್ಲರಿಗೂ ಗೊತ್ತು. ಅಂಥ ನೀರನ್ನು ಕಾಯಿಸಿದರೆ ಆವಿ ಹೋಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದೇ ಉಪದೇಶವನ್ನು ಎಲ್ಲ ಊರಿಗೂ ಹಂಚುವುದು ಯಾವ ಊರಲ್ಲಿ ಏನಿದೆ ಎಂದು ನೋಡದವರ ಕೆಲಸ.

ನನ್ನ ತಪ್ಪನ್ನೂ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಬಹಳ ವರ್ಷದ ಹಿಂದೆ ಇನ್ನೊಂದು ಊರಲ್ಲಿ ಇಂಥದ್ದೇ ಆದಾಗ, ಮೇಲಿನವರು ಹೇಳಿದರೆಂದು, ‘ಜಾತ್ರೆಯಲ್ಲಿ ತಿಂದ ತಿನಿಸು’ ಎಂದು ಆ ಕಾಲಂನಲ್ಲಿ ಬರೆದದ್ದು ಇದೇ ಕೈ. ನೀರು ಎಂದು ಬರೆದರೆ ಪೈಪು ಬದಲಿಸಬೇಕಾಗುತ್ತದೆ, ಯಾರದೋ ಬಿಲ್ಲು ನಿಲ್ಲುತ್ತದೆ, ಮೇಲೆ ಉತ್ತರ ಕೊಡಬೇಕಾಗುತ್ತದೆ. ಊಟ ಎಂದು ಬರೆದರೆ ಅಡುಗೆಯವನನ್ನು ಎರಡು ದಿನ ಬೈದು ಎಲ್ಲರೂ ಮರೆಯುತ್ತಾರೆ. ಮರು ವರ್ಷ ಮಳೆಗೆ ಅದೇ ಊರಲ್ಲಿ ಅದೇ ಓಣಿ ಮತ್ತೆ ಮಲಗಿತ್ತು. ಆ ವರ್ಷ ಜಾತ್ರೆಯೇ ಇರಲಿಲ್ಲ.

ಈ ಪತ್ರವನ್ನು ಈಗ, ತಿಂಗಳು ಕಳೆದ ಮೇಲೆ, ಬರೆಯಲು ಒಂದು ಕಾರಣವಿದೆ. ಎಂಟನೇ ದಿನಕ್ಕೆ ಚಿಕಿತ್ಸಾ ಕೇಂದ್ರ ಮುಚ್ಚಿದರು, ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎಂದರು. ಕಾಲರಾದ ಲೆಕ್ಕಕ್ಕೆ ಅದು ಸರಿ, ಅದು ಕೆಲವೇ ತಾಸಿನಿಂದ ಐದು ದಿನದೊಳಗೆ ತಲೆ ಎತ್ತುವ ರೋಗ. ಆದರೆ ಚರಂಡಿಯಿಂದ ಒಂದೇ ಕ್ರಿಮಿ ಬರುವುದಿಲ್ಲ. ಟೈಫಾಯ್ಡ್‌ಗೆ ಒಂದೆರಡು ವಾರ ಬೇಕು, ಕೆಲವೊಮ್ಮೆ ಹೆಚ್ಚು. ಕಾಮಾಲೆ ತರುವ ಹೆಪಟೈಟಿಸ್ ‘ಇ’ ವೈರಸ್ಸು ಎರಡರಿಂದ ಹತ್ತು ವಾರ ಒಳಗೇ ಅಡಗಿ ಕೂರಬಲ್ಲದು. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ಸೇರಿದಾಗ ಹೆಚ್ಚಿಗೆ ಕ್ಲೋರಿನ್ ಹಾಕಿದ್ದರು. ಟೈಫಾಯ್ಡ್ ಏರಲಿಲ್ಲ, ಎಲ್ಲ ಸರಿಯಾಯಿತು ಎಂದುಕೊಂಡರು. ವಾರಗಳ ನಂತರ ಸುಮಾರು 29,000 ಜನರಿಗೆ ಕಾಮಾಲೆ ಬಂತು.

ಹೋದ ವಾರ ಕೆಳಗಿನ ಓಣಿಯ ಇಬ್ಬರು ಹುಡುಗರ ಕಣ್ಣು ಹಳದಿಯಾಗಿವೆ. ‘ಕಾಮಣಿ’ ಎಂದು ಔಷಧಿ ಹಾಕಿಸಲು ಪಕ್ಕದ ಊರಿಗೆ ಕರೆದೊಯ್ದಿದ್ದಾರೆ. ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ.

ತಂಗಿಯ ಮಗಳು ಚೊಚ್ಚಲ ಬಸುರಿ. ಕುಬಸ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಬಂದವಳು, ತವರಿನ ನೀರನ್ನೇ ಕುಡಿದಿದ್ದಾಳೆ. ಹೆಪಟೈಟಿಸ್ ‘ಇ’ ಉಳಿದವರಿಗೆ ಬಂದು ಹೋಗುತ್ತದೆ. ಕೊನೆಯ ತಿಂಗಳುಗಳ ಬಸುರಿಗೆ ಬಂದರೆ ನೂರರಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿಯನ್ನು ಒಯ್ಯಬಲ್ಲದು. ಅವಳನ್ನು ಕಲಬುರಗಿಗೆ ನನ್ನ ಮನೆಗೆ ಕರೆತಂದಿದ್ದೇನೆ. ಆದರೂ ಕುಡಿದದ್ದು ಕುಡಿದಾಗಿದೆ. ಇದು ಐದನೇ ವಾರ. ದಿನಾ ಬೆಳಿಗ್ಗೆ ಅಂಗಳದ ಬೆಳಕಿಗೆ ನಿಲ್ಲಿಸಿ ಕಣ್ಣು ನೋಡುತ್ತೇನೆ. “ಏನ್ ನೋಡ್ತಿ ಮಾಮಾ ದಿನಾ?” ಎಂದು ಕೇಳುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಆ ವರದಿಯನ್ನು ವಾಪಸು ತರಿಸಿ ಕಾರಣದ ಕಾಲಂ ತಿದ್ದಿ, ಆಯಿಯ ಸಾವಿನ ಮುಂದೆ ವಾಂತಿಭೇದಿ ಎಂದು ಬರೆಯಿರಿ. ಆ ಓಣಿಯಲ್ಲಿ, ಹಾಗೂ ಈ ಮಳೆಗಾಲದಲ್ಲಿ ವಾಂತಿಭೇದಿ ಬಂದ ಪ್ರತಿ ಊರಲ್ಲಿ, ಹತ್ತು ವಾರದವರೆಗೆ ಕಾಮಾಲೆಯ ಮೇಲೆ ಕಣ್ಣಿಡಲು ಆಶಾ ಕಾರ್ಯಕರ್ತೆಯರಿಗೆ ಹೇಳಿ. ಬಸುರಿಯರ ಪಟ್ಟಿ ಮೊದಲು ಮಾಡಿಸಿ. ಇದಕ್ಕೆ ಟೆಂಡರು ಬೇಕಿಲ್ಲ, ಒಂದು ಫೋನ್ ಸಾಕು. ನೀರಿನ ಮಾದರಿಯನ್ನು ಕೊನೆಯ ಮನೆಯ ನಳದಲ್ಲಿ, ನೀರು ಬಿಟ್ಟ ಮೊದಲ ಹತ್ತು ನಿಮಿಷದೊಳಗೆ, ಬ್ಲೀಚಿಂಗ್ ಸುರಿಯುವುದಕ್ಕೆ ಮೊದಲು ತೆಗೆಯಲು ಲಿಖಿತ ಆದೇಶ ಕೊಡಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ತಗ್ಗು ಮುಚ್ಚಬೇಕಾದರೆ ನೀರು ಕಂಬದ ಎತ್ತರಕ್ಕೆ ಏರಬೇಕು. ಅದಕ್ಕೆ ಹಣ, ಸಮಯ ಬೇಕೆಂದು ಗೊತ್ತು, ಎಷ್ಟು ಸಮಯ ಎಂದಾದರೂ ಬರೆದು ತಿಳಿಸಿ. ನೀರುಗಂಟಿಗೆ ಪಗಾರ ಮತ್ತು ಒಂದು ತಕ್ಕಡಿ ಕೊಡಿ.

ನನ್ನ ನೋಟ್‌ಬುಕ್ಕಿನ ಮನೆವಾರು ಲೆಕ್ಕದ ಪ್ರತಿ ಸಿದ್ಧ ಇದೆ, ಕೇಳಿದವರಿಗೆ ಕೊಡುತ್ತೇನೆ. ಮುಂದಿನ ನೀರು ಗುರುವಾರ ಬೆಳಿಗ್ಗೆ ಆರೂವರೆಗೆ ಬಿಡುತ್ತಾರಂತೆ. ಕೆಳಗಿನ ಓಣಿಯ ಕೊನೆಯ ಮನೆಯ ತಗ್ಗಿನ ಹತ್ತಿರ ನಾನು ನಿಂತಿರುತ್ತೇನೆ. ಮಂಜುಗಡ್ಡೆಯ ಡಬ್ಬಿ ನಾನೇ ತರುತ್ತೇನೆ, ನೀವು ಬಾಟಲಿ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹಿರಿಯ ಆರೋಗ್ಯ ಸಹಾಯಕ
ಕಲಬುರಗಿ